ಮುದ್ರೆಯೊತ್ತಿದ ಪೆಟ್ಟಿಗೆ ಹೊತ್ತು ಟುರಿನಿ ಘಾಟಿಗೆ

ಡಿಸೆಂಬರ್ 2021, ಫ್ರೆಂಚ್ ಆಲ್ಪ್ಸ್: ಒಂದು ಟೆಸ್ಟ್ ದಿನ

ಮಾಂಟೆ ಕಾರ್ಲೊ ರ‍್ಯಾಲಿಗೆ ತಿಂಗಳೊಪ್ಪತ್ತು ಇರುವಾಗ ಫ್ರೆಂಚ್ ಆಲ್ಪ್ಸ್‌ನ ಹಳ್ಳಿ ರಸ್ತೆಗಳಿಗೆ ತಂಡಗಳು ಬಂದಿಳಿಯುತ್ತವೆ. ಐದಾರು ಕಿ.ಮೀ. ಉದ್ದದ ಒಂದು ತುಂಡು ರಸ್ತೆಗೆ ಅನುಮತಿ ಪಡೆದು, ಎರಡೂ ತುದಿಗೆ ಅಡ್ಡಗಂಬ ಹಾಕಿ, ಒಂದು ತುದಿಯಲ್ಲಿ ವ್ಯಾನು ನಿಲ್ಲಿಸಿದರೆ ಟೆಸ್ಟ್ ಶುರು. ರಸ್ತೆ ಆರಿಸುವಾಗ ನೋಡುವುದು ಅಂದಚಂದವನ್ನಲ್ಲ. ಅರ್ಧ ಬಿಸಿಲಲ್ಲಿ ಒಣಗಿರಬೇಕು, ಅರ್ಧ ಬೆಟ್ಟದ ನೆರಳಲ್ಲಿ ಹಿಮಗಟ್ಟಿರಬೇಕು, ನಡುವೆ ಎರಡಾದರೂ ಹೇರ್‌ಪಿನ್ ಇರಬೇಕು. ಮಾಂಟೆಯ ಗುಣವೇ ಅದು, ಒಂದೇ ಸ್ಟೇಜಿನಲ್ಲಿ, ಅಂದರೆ ಮುಚ್ಚಿದ ರಸ್ತೆಯಲ್ಲಿ ಗಡಿಯಾರದೆದುರು ಓಡುವ ಒಂದು ತುಂಡಿನಲ್ಲಿ, ಮೂರು ಋತು.

ದಿನದ ಕ್ರಮ ಹಳೆಯದೇ. ಮೊದಲ ಓಟ ನಿಧಾನ: ಎಣ್ಣೆ, ನೀರು, ಬ್ರೇಕು ಬಿಸಿಯಾಗಲಿ, ಎಲ್ಲಾದರೂ ಸೋರುತ್ತಿದೆಯೇ ಎಂದು ಕೆಳಗೆ ನುಗ್ಗಿ ನೋಡಲಿ ಎಂದು. ಎರಡನೆಯದು ಗೊತ್ತಿರುವ ಸೆಟಪ್ಪಿನಲ್ಲಿ ಪೂರ್ಣ ವೇಗದ ಓಟ. ಆಮೇಲಿನ ಪ್ರತಿ ಓಟಕ್ಕೂ ಒಂದೇ ಒಂದು ಬದಲಾವಣೆ. ಡ್ಯಾಂಪರ್ (ಕುಲುಕು ತಡೆಯುವ ಭಾಗ) ಎರಡು ಕ್ಲಿಕ್ ಸಡಿಲಿಸಿದರೆ ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆಂಟಿ-ರೋಲ್ ಬಾರಿಗೆ ಕೈ ಹಾಕುವಂತಿಲ್ಲ, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ರ‍್ಯಾಂಪ್ ಕೋನ ಬದಲಿಸಿದರೆ ಟೈರು ಬದಲಿಸುವಂತಿಲ್ಲ. ನಾಲ್ಕೈದು ಬದಲಾವಣೆ ಆದಮೇಲೆ ಮತ್ತೆ ಮೊದಲಿನ ಸೆಟಪ್ಪಿಗೆ ಮರಳಿ ಒಂದು ಓಟ ಓಡಿಸಲೇಬೇಕು. ಅಷ್ಟು ಹೊತ್ತಿಗೆ ಹಿಮ ಕರಗಿರುತ್ತದೆ, ಒಳತಿರುವುಗಳಿಂದ ಚಕ್ರ ಎಳೆದು ತಂದ ಮಣ್ಣು ಡಾಂಬರಿನ ಮೇಲೆ ಹರಡಿರುತ್ತದೆ. ಗಡಿಯಾರ ತೋರಿಸಿದ ಎರಡು ಸೆಕೆಂಡಿನ ಲಾಭ ಕಾರಿನದೋ ರಸ್ತೆಯದೋ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಆ ಚಳಿಗಾಲದಲ್ಲಿ ಹೊಸತಾಗಿ ಸೇರಿಕೊಂಡದ್ದು ಕಾರಿನ ಹಿಂಭಾಗದಲ್ಲಿದ್ದ ಒಂದು ಪೆಟ್ಟಿಗೆ. 2022ರಿಂದ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಮೇಲ್ದರ್ಜೆಯ ಕಾರುಗಳೆಲ್ಲ 'ರ‍್ಯಾಲಿ1' ನಿಯಮಕ್ಕೆ ಬರಬೇಕು, ಅವುಗಳಲ್ಲಿ ಹೈಬ್ರಿಡ್, ಅಂದರೆ ಎಂಜಿನ್ನಿಗೆ ಜೊತೆಯಾಗಿ ವಿದ್ಯುತ್ ಮೋಟಾರು, ಇರಲೇಬೇಕು ಎಂದು ಮೋಟಾರು ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎ ಕಟ್ಟಳೆ ಮಾಡಿತ್ತು. ಮೋಟಾರು, ಅದರ ನಿಯಂತ್ರಕ, ಬ್ಯಾಟರಿ ಮೂರೂ ಒಂದೇ ಕಾರ್ಬನ್ ಫೈಬರ್ ಕವಚದೊಳಗೆ. ತಯಾರಕರು ಜರ್ಮನಿಯ ಕಾಂಪ್ಯಾಕ್ಟ್ ಡೈನಮಿಕ್ಸ್, ಒಳಗಿನ 3.9 ಕಿಲೋವಾಟ್-ಗಂಟೆಯ ಬ್ಯಾಟರಿ ಆಸ್ಟ್ರಿಯಾದ ಕ್ರೈಸೆಲ್ ಅವರದು. ಮೋಟಾರಿನ ಗರಿಷ್ಠ ಶಕ್ತಿ 100 ಕಿಲೋವಾಟ್, ಟಾರ್ಕ್ 180 ನ್ಯೂಟನ್-ಮೀಟರ್. ಮುಂದಿನ 1.6 ಲೀಟರ್ ಟರ್ಬೊ ಎಂಜಿನ್ನು ಕೊಡುವ ಸುಮಾರು 380 ಅಶ್ವಶಕ್ತಿಗೆ ಇದರ 134 ಸೇರಿದರೆ ಒಟ್ಟು ಐನೂರರ ಗೆರೆ ದಾಟುತ್ತದೆ. ಪೆಟ್ಟಿಗೆಯ ತೂಕ ಎಂಬತ್ತು ಕಿಲೋಗೂ ಮೇಲೆ.

ಫೋರ್ಡ್ ಪೂಮಾ ಓಡಿಸುವ ಎಂ-ಸ್ಪೋರ್ಟ್, ಹ್ಯುಂಡೈ, ಟೊಯೊಟಾ, ಮೂರೂ ತಂಡಕ್ಕೆ ಒಂದೇ ಬಗೆಯ ಪೆಟ್ಟಿಗೆ. ಮುದ್ರೆಯೊತ್ತಿ ಕೊಟ್ಟದ್ದನ್ನು ತಂಡದವರು ಬಿಚ್ಚುವಂತಿಲ್ಲ. ಹಾಗಾಗಿ 2021ರ ಉದ್ದಕ್ಕೂ ನಡೆದ ಟೆಸ್ಟ್‌ಗಳನ್ನು 'ಹೈಬ್ರಿಡ್ ಟೆಸ್ಟ್' ಎನ್ನುವುದೇ ಅರ್ಧ ತಪ್ಪು. ಪೆಟ್ಟಿಗೆಯೊಳಗೆ ಅವರಿಗೆ ಮಾಡಲು ಏನೂ ಇರಲಿಲ್ಲ. ಅದಕ್ಕೆ ಗಾಳಿ ಹೇಗೆ ಹೋಗಬೇಕು, ಅದರ ಭಾರ ಹಿಂದೆ ಕೂತಾಗ ಕಾರು ಹೇಗೆ ತಿರುಗಬೇಕು, ಅದು ಹೀರಿಕೊಳ್ಳುವ ಬ್ರೇಕಿನ ಪಾಲನ್ನು ಚಾಲಕನ ಕಾಲಿಗೆ ಹೇಗೆ ಒಗ್ಗಿಸಬೇಕು ಎಂಬುದೇ ಟೆಸ್ಟು. ಹಿಂಬಾಗಿಲ ಪಕ್ಕ, ಹಿಂಚಕ್ರದ ಮುಂದೆ ಬಾಯಿ ತೆರೆದ ಗಾಳಿಗೂಡುಗಳು ಬಂದದ್ದು ಈ ಪೆಟ್ಟಿಗೆಯನ್ನು ತಣ್ಣಗಿಡಲಿಕ್ಕೆ.

ಟೆಸ್ಟ್ ರಸ್ತೆ ಒಂದು ವಿಷಯದಲ್ಲಿ ಮಾತ್ರ ಸುಳ್ಳು ಹೇಳುತ್ತದೆ. ಐದು ಕಿ.ಮೀ. ಓಡಿ, ತಿರುಗಿ ಬಂದು, ವ್ಯಾನಿನ ಪಕ್ಕ ಹತ್ತು ನಿಮಿಷ ನಿಂತರೆ ಪೆಟ್ಟಿಗೆ ಆರುತ್ತದೆ. ಇಪ್ಪತ್ತಮೂರು ಕಿ.ಮೀ. ಸ್ಟೇಜಿನಲ್ಲಿ ಹಾಗೆ ಆರಲು ಬಿಡುವವರಾರು? ಬಿಸಿ, ಪೆಟ್ಟು, ದಿನವಿಡೀ ಸರ್ವಿಸ್ (ಮೆಕ್ಯಾನಿಕ್‌ಗಳ ದುರಸ್ತಿ) ಇಲ್ಲದ ಓಟ, ಈ ಮೂರನ್ನು ಟೆಸ್ಟ್ ರಸ್ತೆಯಲ್ಲಿ ಬೇಕೆಂದಾಗ ತರಲಾಗುವುದಿಲ್ಲ. ಪೆಟ್ಟು ಮಾತ್ರ ಒಂದು ಕಾರಿಗೆ ಬೇಡದೆಯೇ ಬಂತು. ಅದೇ ಡಿಸೆಂಬರಿನಲ್ಲಿ ಥಿಯರಿ ನೂವಿಲ್ ಓಡಿಸುತ್ತಿದ್ದ ಹ್ಯುಂಡೈ ಐ20 ಎನ್ ಟೆಸ್ಟ್ ರಸ್ತೆ ಬಿಟ್ಟು ಕಂದಕಕ್ಕುರುಳಿತು. ಕಾರು ನಜ್ಜುಗುಜ್ಜಾದರೂ ಒಳಗಿದ್ದ ಇಬ್ಬರೂ ಉಳಿದರು. ಹಳೆಯ ಕಾರುಗಳಲ್ಲಿ ಷೋರೂಮಿನ ಉಕ್ಕಿನ ದೇಹಕ್ಕೆ ರೋಲ್ ಕೇಜ್ ಎಂಬ ಕೊಳವೆಗಳ ರಕ್ಷಣೆ ಬೆಸೆಯುತ್ತಿದ್ದರು. ರ‍್ಯಾಲಿ1ರಲ್ಲಿ ದೇಹವೇ ಕೊಳವೆಗಳ ಪಂಜರ, ಮೇಲೆ ಹೊದಿಸಿದ್ದು ಬರೀ ಹೊದಿಕೆ. ಹೊಸ ನಿಯಮಗಳಲ್ಲಿ ಎಲ್ಲರಿಗಿಂತ ಮೊದಲು ತನ್ನ ಕೆಲಸ ಮಾಡಿ ತೋರಿಸಿದ್ದು ಈ ಪಂಜರ.

15 ಜನವರಿ 2022, ಶನಿವಾರ: ಸಾಲ್ಜ್‌ಬರ್ಗ್

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿರುವ ಹ್ಯಾಂಗರ್-7 ಎಂಬ ಗಾಜಿನ ಗೂಡಿನಲ್ಲಿ ಮೂರೂ ಕಾರುಗಳ ಅನಾವರಣ. ಪೂಮಾ ಮಾತ್ರ ಹಿಂದಿನ ಜುಲೈನಲ್ಲೇ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಮುಖ ತೋರಿಸಿತ್ತು. ಬಣ್ಣ, ದೀಪ, ಹೊಗೆಗೆ ಹೆಚ್ಚು ಮಾತು ಬೇಡ. ನೋಡಬೇಕಾದದ್ದು ತೆಗೆದುಹಾಕಿದ ವಸ್ತುಗಳ ಪಟ್ಟಿಯನ್ನು. ನಡುವಿನ ಸಕ್ರಿಯ ಡಿಫರೆನ್ಷಿಯಲ್ ಹೋಯಿತು. ಆರು ಗೇರಿನ ಬದಲು ಐದು. ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಹೋಗಿ ಕೈಯಲ್ಲಿ ಎಳೆಯುವ ಲಿವರ್ ಮರಳಿತು. ಸಸ್ಪೆನ್ಷನ್ನಿನ ಮೇಲೆ-ಕೆಳಗಿನ ಓಟ 270 ಮಿ.ಮೀ.ಗೆ ಮಿತಿಗೊಂಡಿತು. ನೀರಿನಿಂದ ಬ್ರೇಕು ತಣಿಸುವ ಹಾಗಿಲ್ಲ. ಕನಿಷ್ಠ ತೂಕ ಮಾತ್ರ 1,190 ಕಿಲೋದಿಂದ 1,260ಕ್ಕೆ ಏರಿತು.

ನಡುವಿನ ಡಿಫರೆನ್ಷಿಯಲ್ ಇಲ್ಲದಿರುವುದು ಕೇಳಲು ಸಣ್ಣದು, ಚಾಲಕನಿಗೆ ದೊಡ್ಡದು. ಹಿಂದೆ ತಿರುವಿಗೆ ಹೋಗುವಾಗ ಎಲೆಕ್ಟ್ರಾನಿಕ್ ಮೆದುಳು ಮುಂದಿನ-ಹಿಂದಿನ ಅಚ್ಚುಗಳ ನಡುವಿನ ಬಿಗಿತವನ್ನು ಸಡಿಲಿಸಿ ಕಾರಿನ ಮೂಗು ಒಳಗೆ ತಿರುಗಲು ಬಿಡುತ್ತಿತ್ತು. ಈಗ ಎರಡೂ ಅಚ್ಚುಗಳ ನಡುವೆ ಗಟ್ಟಿ ಬಂಧ. ಒಣ ಡಾಂಬರಿನ ಬಿಗಿ ಹೇರ್‌ಪಿನ್ನಿನಲ್ಲಿ ಮುಂಚಕ್ರ ಹೊರಕ್ಕೆ ಜಾರುತ್ತದೆ. ಅದನ್ನು ತಪ್ಪಿಸಲು ಹ್ಯಾಂಡ್‌ಬ್ರೇಕು ಎಳೆದು ಹಿಂಭಾಗ ತಿರುಗಿಸಬೇಕು, ಇಲ್ಲವೇ ಬ್ರೇಕನ್ನು ತಿರುವಿನೊಳಕ್ಕೂ ಒತ್ತಿ ಹಿಡಿದು ಮೂಗನ್ನು ಕೆಳಗೊತ್ತಬೇಕು. ಎರಡನೆಯ ಉಪಾಯಕ್ಕೆ ಪೆಟ್ಟಿಗೆ ಅಡ್ಡ ಬರುತ್ತದೆ. ಅದರ ಕಾರಣ ಟುರಿನಿಯಲ್ಲಿ ನೋಡೋಣ.

ಇಂಧನವೂ ಹೊಸದು. ಕಚ್ಚಾ ತೈಲದಿಂದ ಬಾರದ, ಪಿ1 ರೇಸಿಂಗ್ ಫ್ಯೂಯೆಲ್ಸ್ ಒದಗಿಸಿದ ಸಂಶ್ಲೇಷಿತ ಮತ್ತು ಜೈವಿಕ ಮೂಲದ ಇಂಧನ. ಎಂಜಿನ್ನು ಮೂಲತಃ ಹಿಂದಿನ ವರ್ಷಗಳದೇ. ಅಂದರೆ ಹಳೆಯ ಒಲೆಗೆ ಹೊಸ ಸೌದೆ. ಉರಿಯ ಲೆಕ್ಕವನ್ನು ತಂಡಗಳು ಮತ್ತೆ ಹಾಕಬೇಕಾಯಿತು.

ಸ್ಪರ್ಧೆಗೆ ಮುಂಚೆ: ರೆಕ್ಕಿ ಮತ್ತು ಶೇಕ್‌ಡೌನ್

ರೆಕ್ಕಿಗೆ, ಅಂದರೆ ಸ್ಪರ್ಧೆಗೆ ಮುಂಚೆ ರಸ್ತೆ ನೋಡಿ ಬರಲು, ರ‍್ಯಾಲಿ ಕಾರು ಹೋಗುವುದಿಲ್ಲ. ಸಾಮಾನ್ಯ ರಸ್ತೆ ಕಾರಿನಲ್ಲಿ, ರಸ್ತೆ ನಿಯಮದ ವೇಗದಲ್ಲಿ, ಪ್ರತಿ ಸ್ಟೇಜನ್ನು ಎರಡು ಸಲ ನೋಡಲು ಅವಕಾಶ. ಮೊದಲ ಸಲ ಚಾಲಕ ಹೇಳಿದ್ದನ್ನು ಕೋ-ಡ್ರೈವರ್ ಬರೆದುಕೊಳ್ಳುತ್ತಾನೆ, ಎರಡನೆಯ ಸಲ ಬರೆದದ್ದನ್ನು ಓದಿ ತಿದ್ದಿಕೊಳ್ಳುತ್ತಾರೆ. ಮಾಂಟೆಯಲ್ಲಿ ಇನ್ನೊಂದು ಪದ್ಧತಿಯಿದೆ. ಸ್ಟೇಜ್ ಶುರುವಾಗುವ ಒಂದೆರಡು ಗಂಟೆ ಮೊದಲು ತಂಡದ ಇನ್ನೊಂದು ಜೋಡಿ ಅದೇ ನೋಟ್ಸಿನ ಪ್ರತಿ ಹಿಡಿದು ಹೋಗಿ, ಎಲ್ಲಿ ಹಿಮ, ಎಲ್ಲಿ ಕಪ್ಪುಮಂಜಿನ ಪೊರೆ, ಎಲ್ಲಿ ಹಸಿ ಎಂದು ಗುರುತು ಹಾಕಿ ಬರುತ್ತದೆ. ಟೈರಿನ ಆಯ್ಕೆ ನಿಂತಿರುವುದು ಈ ಗುರುತಿನ ಮೇಲೆ. ಆದರೆ ಅವರು ನೋಡಿದ ಹಿಮ ಬಿಸಿಲೇರಿದ ಮೇಲೆ ನೀರಾಗಿರಬಹುದು, ಹಿಂದಿನ ಕಾರುಗಳು ಎಳೆದು ತಂದ ಜಲ್ಲಿ ಹೊಸದಾಗಿ ಬಿದ್ದಿರಬಹುದು. ಹಿಮ ಗುರುತಿಸುವವರ ಕೆಲಸದಲ್ಲಿ ಹೊಗಳಿಕೆ ಕಡಿಮೆ, ಬೈಗುಳ ಹೆಚ್ಚು.

ಶೇಕ್‌ಡೌನ್ ಎನ್ನುವ ಕಿರು ಓಟದಲ್ಲಿ ರ‍್ಯಾಲಿ ಕಾರು ಮೊದಲ ಬಾರಿ ಸ್ಪರ್ಧೆಯ ಸ್ಥಿತಿಯಲ್ಲಿ ಹೊರಬರುತ್ತದೆ. ಈ ಬಾರಿ ಪ್ರೇಕ್ಷಕರೂ ಮಾರ್ಷಲ್‌ಗಳೂ ಕಲಿಯಬೇಕಾದ ಪಾಠ ಒಂದಿತ್ತು: ಕಾರಿನ ದೀಪ. ಮುಂಗಾಜಿನ ಬಳಿಯೂ ಪಕ್ಕದಲ್ಲೂ ಇರುವ ಸಣ್ಣ ದೀಪ ಹಸಿರಾಗಿದ್ದರೆ ವಿದ್ಯುತ್ ವ್ಯವಸ್ಥೆ ಸುರಕ್ಷಿತ, ಕಾರು ಮುಟ್ಟಬಹುದು. ಕೆಂಪಾದರೆ ಮುಟ್ಟಬಾರದು. ದೀಪವೇ ಇಲ್ಲದಿದ್ದರೂ ಕೆಂಪೆಂದೇ ತಿಳಿಯಬೇಕು. ಒಳಗಿರುವುದು 750 ವೋಲ್ಟ್‌ವರೆಗಿನ ನೇರ ವಿದ್ಯುತ್ತು. ಮೆಕ್ಯಾನಿಕ್‌ಗಳಿಗೆ ಹೈ-ವೋಲ್ಟೇಜ್ ತರಬೇತಿ, ರಬ್ಬರ್ ಕೈಗವಸು ಕಡ್ಡಾಯ. ರ‍್ಯಾಲಿಯೆಂದರೆ ಚರಂಡಿಗಿಳಿದ ಕಾರನ್ನು ಹತ್ತು ಜನ ಸೇರಿ ಎತ್ತಿ ರಸ್ತೆಗೆ ತರುವ ಆಟ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿಗಳಲ್ಲೂ ಇದೇ ರೂಢಿ. ಓಡಿಹೋಗಿ ಕೈಹಾಕುವ ಮುಂಚೆ ದೀಪ ನೋಡು ಎನ್ನುವುದು ಆ ರೂಢಿಗೆ ಹಾಕಿದ ಮೊದಲ ಬ್ರೇಕು.

20 ಜನವರಿ, ಗುರುವಾರ ರಾತ್ರಿ: ಲುಸೆರಾಮ್‌ನಿಂದ ಟುರಿನಿಗೆ

ಆ ವರ್ಷ ಸರ್ವಿಸ್ ಪಾರ್ಕ್ ಮೊನಾಕೊ ಬಂದರಿಗೆ ಬಂದಿತ್ತು. ಸರ್ವಿಸ್ ಪಾರ್ಕಿನೊಳಗೆ, ರೂಟ್‌ಬುಕ್ಕಿನಲ್ಲಿ ಗುರುತಿಸಿದ ಊರೊಳಗಿನ ತುಣುಕುಗಳಲ್ಲಿ ಎಂಜಿನ್ ಆರಿಸಿ ವಿದ್ಯುತ್ತಿನಲ್ಲೇ ಹೋಗಬೇಕಿತ್ತು. ತುಂಬಿದ ಬ್ಯಾಟರಿಗೆ ಸುಮಾರು 20 ಕಿ.ಮೀ. ಹಾಗೆ ಓಡುವ ಶಕ್ತಿಯಿತ್ತು. ಗುಡುಗುಟ್ಟುತ್ತ ಬರುವ ಕಾರಿಗೆ ಕಾದ ಜನಕ್ಕೆ ಕೇಳಿಸಿದ್ದು ಗೇರಿನ ಸಣ್ಣ ಕೀರಲು, ಟೈರಿಗಂಟಿದ ಕಲ್ಲಿನ ಚಟಚಟ. ಯಾವ ತಿರುವಿನಲ್ಲಿ ವಿದ್ಯುತ್ ವಲಯ ಶುರು, ಎಲ್ಲಿ ಮುಗಿಯಿತು ಎಂಬುದನ್ನು ನೋಡಿಕೊಳ್ಳುವುದು ಕೋ-ಡ್ರೈವರಿಗೆ ಹೊಸ ಕೆಲಸ.

ರಾತ್ರಿ ಎರಡು ಸ್ಟೇಜು. ಲುಸೆರಾಮ್–ಲಾಂತೋಸ್ಕ್ 15.20 ಕಿ.ಮೀ., ಲಾ ಬೊಲೆನ್-ವೆಸೂಬಿ–ಮೂಲಿನೆ 23.25 ಕಿ.ಮೀ. ಎರಡನೆಯದೇ ಟುರಿನಿ ಘಾಟಿ, ನೆತ್ತಿಯ ಎತ್ತರ 1,607 ಮೀಟರ್. ಆಗುಂಬೆಯ ಹೇರ್‌ಪಿನ್‌ಗಳನ್ನು ಹತ್ತಿ ಬಲ್ಲವರು ಅದೇ ಘಾಟಿಯನ್ನು ಇನ್ನೂ ಕಿರಿದು ಮಾಡಿ, ಪಕ್ಕಕ್ಕೆ ಕಲ್ಲಿನ ಗೋಡೆ ಕಟ್ಟಿ, ನೆರಳಿನ ಬದಿಗೆ ಹಿಮ ಬಳಿದು, ರಾತ್ರಿ ಮಾಡಿ ನೋಡಿಕೊಳ್ಳಬಹುದು.

ಪೆಟ್ಟಿಗೆಯ ಲೆಕ್ಕ ಇಲ್ಲಿ ನಿಜವಾಗಿ ತೆರೆದುಕೊಳ್ಳುತ್ತದೆ. 3.9 ಕಿಲೋವಾಟ್-ಗಂಟೆ ಎಂದರೆ ಸುಮಾರು 14,000 ಕಿಲೋಜೌಲ್. 100 ಕಿಲೋವಾಟಿನಲ್ಲಿ ಕೊನೆಯ ಹನಿಯವರೆಗೂ ಸುರಿದರೆ 140 ಸೆಕೆಂಡಿಗೆ ಮುಗಿಯುತ್ತದೆ. ಬ್ಯಾಟರಿಯನ್ನು ಅಷ್ಟು ಬರಿದು ಮಾಡಲೂ ಆಗದು. ಟುರಿನಿಯನ್ನು ಗಂಟೆಗೆ 90 ಕಿ.ಮೀ. ಸರಾಸರಿಯಲ್ಲಿ ದಾಟಿದರೂ ಹದಿನೈದು ನಿಮಿಷದ ಮೇಲೆ ಬೇಕು. ಆದ್ದರಿಂದ ಇಡೀ ಸ್ಟೇಜಿಗೆ ಮೋಟಾರು ಜೊತೆಗಿರುವುದಿಲ್ಲ, ಬಂದು ಹೋಗುತ್ತದೆ. ಅದನ್ನು ಕರೆಯಲು ಗುಂಡಿಯಿಲ್ಲ, ಆಕ್ಸಿಲರೇಟರ್ ಪೆಡಲ್ಲೇ ಕರೆಗಂಟೆ. ಸ್ಟೇಜಿನ ಗೆರೆ ಬಿಡುವಾಗ ಒಂದು ಪೂರ್ಣ ಬೂಸ್ಟ್ ಸಿಗುತ್ತದೆ. ಅದು ಮುಗಿದ ಮೇಲೆ ಮುಂದಿನದು ಬೇಕಿದ್ದರೆ ಬ್ರೇಕು ಹಾಕಿಯೋ ಕಾಲೆತ್ತಿಯೋ ಕನಿಷ್ಠ 30 ಕಿಲೋಜೌಲ್ ಹಿಂದಿರುಗಿಸಬೇಕು. ಬೂಸ್ಟನ್ನು ಯಾವ ಬಗೆಯಲ್ಲಿ ಬಿಡಬೇಕೆಂಬ ಮ್ಯಾಪುಗಳು ಮೂರು, ಸ್ಟೇಜಿನ ಗುಣ ನೋಡಿ ಆರಿಸಿಕೊಳ್ಳುವುದು.

30 ಕಿಲೋಜೌಲ್ ಏನೂ ದೊಡ್ಡದಲ್ಲ. ಇಬ್ಬರನ್ನೂ ಸೇರಿಸಿ 1,420 ಕಿಲೋ ತೂಗುವ ಕಾರು ಗಂಟೆಗೆ 100 ಕಿ.ಮೀ.ನಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 550 ಕಿಲೋಜೌಲ್. 50ಕ್ಕೆ ಇಳಿದಾಗ ಉಳಿಯುವುದು 137. ನಡುವಿನ 410 ಎಲ್ಲಿಗೋ ಹೋಗಬೇಕು. ಒಣ ಡಾಂಬರಿನಲ್ಲಿ ಈ ಇಳಿತಕ್ಕೆ ಹಿಡಿಯುವುದು ಒಂದೂವರೆ ಸೆಕೆಂಡು. ಮೋಟಾರು ತನ್ನ ಪೂರ್ಣ 100 ಕಿಲೋವಾಟಿನಲ್ಲೇ ಹೀರಿತು ಎಂದುಕೊಂಡರೂ ಅದಕ್ಕೆ ದಕ್ಕುವುದು 150ರ ಆಸುಪಾಸು. ಮಿಕ್ಕಿದ್ದೆಲ್ಲ ಡಿಸ್ಕಿಗೆ, ಅಂದರೆ ಗಾಳಿಗೆ. ಇಲ್ಲೊಂದು ತಮಾಷೆ ಇದೆ. ಮಂಜುಗಟ್ಟಿದ ಇಳಿಜಾರಿನಲ್ಲಿ ಬ್ರೇಕು ಮೆಲ್ಲಗೆ, ಉದ್ದಕ್ಕೆ ಹಿಡಿಯಬೇಕಾಗುತ್ತದೆ, ಹಾಗಾಗಿ ಮೋಟಾರಿಗೆ ಹೀರಲು ಸಮಯ ಹೆಚ್ಚು. ಗಟ್ಟಿ ಒಣರಸ್ತೆಯಲ್ಲಿ ಒಮ್ಮೆಲೇ ಕಚ್ಚುವ ಬ್ರೇಕಿಗೆ ಅದರ ಪಾಲು ಕಡಿಮೆ. ಬ್ಯಾಟರಿ ತುಂಬುವ ರಸ್ತೆಯೇ ಬೇರೆ, ಸಮಯ ಉಳಿಯುವ ರಸ್ತೆಯೇ ಬೇರೆ.

ಕಷ್ಟ ಇರುವುದು ಕಾಲಿನ ಅಂದಾಜಿನಲ್ಲಿ. ಬ್ರೇಕು ಒತ್ತಿದಾಗ ಒಂದು ಪಾಲು ಕ್ಯಾಲಿಪರಿನದು, ಒಂದು ಪಾಲು ಮೋಟಾರಿನ ಎಳೆತ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮೋಟಾರು ಹೀರಲಾರದು, ಎರಡನೆಯ ಪಾಲು ಇಲ್ಲವಾಗುತ್ತದೆ. ಅದೇ ಪೆಡಲ್, ಅದೇ ಒತ್ತು, ಆದರೆ ನಿಲ್ಲುವ ದೂರ ಬೇರೆ. ಬ್ರೇಕನ್ನು ತಿರುವಿನೊಳಕ್ಕೆ ಕೊಂಡೊಯ್ದು ಕಾರಿನ ಮೂಗು ತಿರುಗಿಸುವವನಿಗೆ ಇದು ದುಬಾರಿ. ಟೆಸ್ಟಿನಲ್ಲಿ ಬ್ರೇಕ್ ಬ್ಯಾಲೆನ್ಸನ್ನು ಎಷ್ಟು ಸಲ ತಿರುಗಿಸಿದ್ದರೂ, ರಾತ್ರಿಯ ಟುರಿನಿಯ ಇಳಿಜಾರಿನಲ್ಲಿ ಒಂದೇ ಸಲ ಸಿಗುವ ತಿರುವಿಗೆ ಕಾಲು ಒಗ್ಗಿರಬೇಕು. ಒಗ್ಗಿದವರು ಇಬ್ಬರು ಹಳಬರು. ರಾತ್ರಿ ಮುಗಿದಾಗ ಟೊಯೊಟಾದ ಸೆಬಾಸ್ಟಿಯನ್ ಓಜಿಯೇ ಮುಂದೆ, ಪೂಮಾದ ಸೆಬಾಸ್ಟಿಯನ್ ಲೋಬ್ ಹಿಂದೆಯೇ. ಟೊಯೊಟಾಕ್ಕೆ ವರ್ಷವಿಡೀ ಓಡಿಸಬೇಕಾಗಿದ್ದ ಕಲ್ಲೆ ರೊವನ್ಪೆರಾ ಕಾರಿನ ಹದ ಸಿಗದೆ ಹಿಂದುಳಿದಿದ್ದ.

21 ಜನವರಿ, ಶುಕ್ರವಾರ: ರೂರ್, ವಾಲ್ಬರ್ಗ್, ಆಂತ್ರವೋ

ಮೂರು ಸ್ಟೇಜು, ತಲಾ ಎರಡು ಸಲ, ಒಟ್ಟು 97.86 ಕಿ.ಮೀ. ನಡುವೆ ಸರ್ವಿಸ್ ಇಲ್ಲ, ಪ್ಯೂಜೆ-ತೆನಿಯೆಯಲ್ಲಿ ಟೈರು ಬದಲಿಸಿಕೊಳ್ಳುವ ತಾಣ ಮಾತ್ರ. ಬೆಳಗ್ಗೆ ಮೊನಾಕೊ ಬಿಟ್ಟ ಕಾರಿನಲ್ಲಿ ಏನೇ ಮುರಿದರೂ ಕಾರಿನಲ್ಲೇ ಹೊತ್ತು ತಂದ ಸಾಮಾನಿನಿಂದ ಅದರೊಳಗಿನ ಇಬ್ಬರೇ ದುರಸ್ತಿ ಮಾಡಬೇಕು: ಜಾಕು, ಸ್ಪ್ಯಾನರು, ಟೇಪು, ಪಟ್ಟಿ. ಮುದ್ರೆಯೊತ್ತಿದ ಪೆಟ್ಟಿಗೆಗೆ ಇವೊಂದೂ ಉಪಯೋಗವಿಲ್ಲ. ಅದು ಮುನಿದರೆ ಅಂದಿಗೆ ಬರೀ ಹೊರೆ. ಎಂಬತ್ತು ಕಿಲೋ ಗೋಣಿಚೀಲ ಹಿಂದಿಟ್ಟುಕೊಂಡು, ನೂರಮೂವತ್ತು ಅಶ್ವಶಕ್ತಿ ಕಡಿಮೆ ಮಾಡಿಕೊಂಡು ಸಂಜೆಯವರೆಗೆ ಓಡಬೇಕು.

ರೂರ್–ಬೋಯ್ ಸ್ಟೇಜು 18.33 ಕಿ.ಮೀ. ಬೆಳಗಿನ ಮೊದಲ ಸಲಕ್ಕೇ ಆಡ್ರಿಯಾನ್ ಫೂರ್ಮೊ ಓಡಿಸುತ್ತಿದ್ದ ಪೂಮಾ ಬದಿಗೆ ಬಡಿದು, ಉರುಳಿ ಕಂದಕಕ್ಕೆ ಹೋಯಿತು. ನೋಡಿದವರ ಎದೆ ಝಲ್ಲೆನ್ನುವ ಬೀಳು. ಫೂರ್ಮೊ, ಕೋ-ಡ್ರೈವರ್ ಅಲೆಕ್ಸಾಂಡರ್ ಕೊರಿಯಾ ಇಬ್ಬರೂ ತಾವೇ ಹೊರಬಂದರು. ಡಿಸೆಂಬರಿನ ಟೆಸ್ಟ್ ರಸ್ತೆಯಲ್ಲಿ ಹ್ಯುಂಡೈ ಪಂಜರ ತೋರಿಸಿದ್ದನ್ನು ಇಲ್ಲಿ ಫೋರ್ಡ್ ಪಂಜರ ಪ್ರೇಕ್ಷಕರೆದುರು ತೋರಿಸಿತು. ಪೆಟ್ಟಿಗೆಯ ಕವಚವನ್ನು 70 ಜಿ ಆಘಾತ ತಾಳುವಂತೆ ಕಟ್ಟಿದ್ದರ ಕಾರಣವೂ ಇದೇ. ಚಾಲಕನ ಬೆನ್ನ ಹಿಂದೆ ಕೂತ ಬ್ಯಾಟರಿ ಒಡೆದು ಬೆಂಕಿ ಹತ್ತಿದರೆ ಪಂಜರ ಗಟ್ಟಿಯಿದ್ದು ಏನು ಪ್ರಯೋಜನ. ಕವಚ ಒಡೆಯದಿರುವುದು ಒಂದು ಮಾತು, ಒಳಗಿನ ವ್ಯವಸ್ಥೆ ಪೆಟ್ಟಿನ ನಂತರ ಕೆಲಸ ಮಾಡುವುದು ಇನ್ನೊಂದು ಮಾತು. ಜೋರು ಪೆಟ್ಟು ಬಿದ್ದರೆ ಸಂವೇದಕ ತಾನೇ ವಿದ್ಯುತ್ತನ್ನು ಕಡಿದುಹಾಕುತ್ತದೆ. ಸುರಕ್ಷತೆಗೆ ಅದು ಸರಿ. ಆದರೆ ರ‍್ಯಾಲಿ ಕಾರು ನಿಮಿಷಕ್ಕೊಮ್ಮೆ ಕಲ್ಲಿಗೋ ದಿಬ್ಬಕ್ಕೋ ಬಡಿದುಕೊಳ್ಳುತ್ತಲೇ ಇರುತ್ತದೆ. ಯಾವುದು ಅಪಘಾತ, ಯಾವುದು ದಿನದ ಕೂಲಿ ಎಂದು ಯಂತ್ರಕ್ಕೆ ಕಲಿಸುವುದು ಆ ವರ್ಷವಿಡೀ ನಡೆದ ಕೆಲಸ.

ವಾಲ್ಬರ್ಗ್ ಸ್ಕೀ ಊರಿನ ಕಡೆ ಹೋಗುವ ಗಿಯೋಮ್–ಪಿಯೋನ್–ವಾಲ್ಬರ್ಗ್ ಸ್ಟೇಜು, ಬಂಡೆಯ ಮೇಲೆ ಕೋಟೆ ಕಟ್ಟಿಕೊಂಡು ವಾರ್ ನದಿಯ ಪಕ್ಕ ಕೂತಿರುವ ಆಂತ್ರವೋ ಊರಿಗೆ ಇಳಿಯುವ ಸ್ಟೇಜು, ಎರಡರಲ್ಲೂ ರಸ್ತೆ ಬಹುಪಾಲು ಒಣಗಿತ್ತು. ಹಿಮ ಅಲ್ಲಲ್ಲಿ ತೇಪೆ ಹಾಕಿದಂತೆ. ಇಂಥ ರಸ್ತೆಗೆ ಮೊಳೆ ಟೈರು ಹಾಕಿದರೆ ಒಣಭಾಗದಲ್ಲಿ ಮೊಳೆ ಉದುರಿ ಸಮಯ ಹೋಗುತ್ತದೆ, ಮೆದು ಸ್ಲಿಕ್ ಹಾಕಿದರೆ ತೇಪೆಯ ಮೇಲೆ ಉಸಿರು ಬಿಗಿಹಿಡಿಯಬೇಕು. ಮಾಂಟೆಯಲ್ಲಿ ಅಡ್ಡ ಜೋಡಣೆ ಎಂಬ ಹಳೆಯ ತಂತ್ರವಿದೆ. ಎಡ ಮುಂದೆ, ಬಲ ಹಿಂದೆ ಒಂದು ಬಗೆಯ ಟೈರು, ಮಿಕ್ಕ ಕರ್ಣಕ್ಕೆ ಇನ್ನೊಂದು ಬಗೆ. ಬ್ರೇಕಿನಲ್ಲಿ ಎಳೆತ ಸಮವಾಗಿರುತ್ತದೆ, ಆದರೆ ಎಡ ತಿರುವಿಗೂ ಬಲ ತಿರುವಿಗೂ ಕಾರು ಬೇರೆ ಬೇರೆ ಸ್ವಭಾವ ತೋರಿಸುತ್ತದೆ. ಇದಕ್ಕೆ ಈಗ ಗಟ್ಟಿ ಬಂಧದ ಅಚ್ಚುಗಳೂ ಸೇರಿಕೊಂಡವು. ಯಾವ ಚಕ್ರ ಜಾರಿದರೂ ಅದರ ಸುದ್ದಿ ಮಿಕ್ಕ ಅಚ್ಚಿಗೆ ಕೂಡಲೇ ಮುಟ್ಟುತ್ತದೆ.

ಸಂಜೆಗೆ ಲೋಬ್ ಮುಂದೆ, ಓಜಿಯೇಗಿಂತ ಹತ್ತು ಸೆಕೆಂಡಿನೊಳಗಿನ ಅಂತರ. ಕಾರಿನ ಹೊಸತನ ಇಬ್ಬರಿಗೂ ಒಂದೇ. ಒಂದು ವರ್ಷ ಪೂರ್ತಿ ಟೆಸ್ಟ್ ಮಾಡಿದ ಹುಡುಗರನ್ನು ಹಿಂದಿಕ್ಕಿ, ವರ್ಷಕ್ಕೆ ನಾಲ್ಕಾರು ರ‍್ಯಾಲಿ ಮಾತ್ರ ಓಡಿಸಲು ಬಂದ ಇಬ್ಬರು ಮುಂದಿದ್ದರು. ಗೇರು ಲಿವರ್ ಎಳೆದು, ಸಕ್ರಿಯ ಡಿಫರೆನ್ಷಿಯಲ್ ಇಲ್ಲದ ಕಾರನ್ನು ಬ್ರೇಕಿನಿಂದಲೇ ತಿರುಗಿಸಿ ಅಭ್ಯಾಸವಿದ್ದವರಿಗೆ ಹೊಸ ನಿಯಮ ಸ್ವಲ್ಪ ಹಳೆಯದೇ ಆಗಿ ಕಂಡಿರಬೇಕು.

22 ಜನವರಿ, ಶನಿವಾರ: ಫಾಂಟ್‌ಬೆಲ್ ಕಣಿವೆ

ಮೊನಾಕೊದಿಂದ ಅತಿ ದೂರ ಹೋಗುವ ದಿನ. ಲೆ ಫ್ಯೂಜರೆ–ತೊರಾಮ್-ಓತ್ ಒಂದು ಸಲ. ಸೇಂಟ್-ಜಾನೆ–ಮಾಲಿಜೇ, ಸೇಂಟ್-ಜೆನಿಯೇ–ತೋಆರ್ ಎರಡೆರಡು ಸಲ. ಕೊನೆಯದು 20.79 ಕಿ.ಮೀ., 1,304 ಮೀಟರ್ ಎತ್ತರದ ಫಾಂಟ್‌ಬೆಲ್ ಕಣಿವೆದಾರಿ ದಾಟುತ್ತದೆ. ಅದರ ಉತ್ತರದ ಬದಿಗೆ ಚಳಿಗಾಲದ ಬಿಸಿಲು ಬೀಳುವುದಿಲ್ಲ. ಆ ಬದಿಯಿಂದ ಹತ್ತುವಾಗ ಗಾಜಿನಂಥ ಹಿಮ, ನೆತ್ತಿ ದಾಟಿ ಇಳಿಯುವಾಗ ಒಣ.

ಟೆಸ್ಟ್ ರಸ್ತೆ ಮುಚ್ಚಿಟ್ಟಿದ್ದೆಲ್ಲ ಹೊರಬಿದ್ದದ್ದು ಈ ದಿನ. ನೂವಿಲ್ ಕಾರಿನ ಮುಂದಿನ ಡ್ಯಾಂಪರ್ ಮೇಲಿನ ಆಸರೆ ಮುರಿದು ಬಾನೆಟ್ ತೂರಿ ಮೇಲೆದ್ದಿತು. ಸಸ್ಪೆನ್ಷನ್ನಿನ ಓಟ ಮೊಟಕಾಗಿ ತೂಕ ಏರಿದಾಗ, ಡ್ಯಾಂಪರ್ ತನ್ನ ಕೊನೆಯವರೆಗೆ ಒತ್ತಿ ತಳಕ್ಕೆ ಬಡಿಯುವ ಸಂದರ್ಭ ಹೆಚ್ಚುತ್ತದೆ. ಆ ಬಡಿತವೆಲ್ಲ ಮೇಲಿನ ಆಸರೆಗೆ ಹೋಗುತ್ತದೆ. ಐದು ಕಿ.ಮೀ. ಟೆಸ್ಟಿನಲ್ಲಿ ತಾಳಿದ ಭಾಗ ದಿನವಿಡೀ ಸರ್ವಿಸ್ ಇಲ್ಲದ ಓಟಕ್ಕೆ ತಾಳಬೇಕೆಂದಿಲ್ಲ. ಅದೇ ತಂಡದ ಆಲಿವರ್ ಸೋಲ್ಬರ್ಗ್ ಕಾರಿನದು ಇನ್ನೊಂದು ಬಗೆಯ ರೋಗ: ಎಂಜಿನ್ ಹೊಗೆ ಕ್ಯಾಬಿನ್ನಿಗೆ ನುಗ್ಗುತ್ತಿತ್ತು. ಹೊಗೆ ಕುಡಿದು ಇಬ್ಬರಿಗೂ ಆರೋಗ್ಯ ಕೆಟ್ಟು ರ‍್ಯಾಲಿ ಮುಗಿಯುವ ಮೊದಲೇ ಹಿಂದೆ ಸರಿದರು. ಕೊಳವೆ ಪಂಜರದ ಮೇಲೆ ಹೊದಿಕೆ ಜೋಡಿಸುವಾಗ ನೂರಾರು ಸಂದಿಗಳು ಉಳಿಯುತ್ತವೆ. ಷೋರೂಮಿನ ಉಕ್ಕಿನ ದೇಹದಲ್ಲಿ ಗೋಡೆಗಳೇ ಮುಚ್ಚಿಕೊಟ್ಟಿರುತ್ತಿದ್ದವು. ಇಲ್ಲಿ ಎಂಜಿನ್ ಕೋಣೆಗೂ ಚಾಲಕನಿಗೂ ನಡುವಿನ ಪ್ರತಿ ಸಂದಿಯನ್ನು ಕೈಯಿಂದ ಮುಚ್ಚಬೇಕು. ಒಂದು ಬಿಟ್ಟುಹೋದರೂ ಸಾಕು.

ಹೈಬ್ರಿಡ್ ಎಂದು ಹೆದರಿದ್ದವರು ಗಮನಿಸಬೇಕಾದದ್ದು: ಈ ಎರಡೂ ತೊಂದರೆ ಪೆಟ್ಟಿಗೆಯವಲ್ಲ, ಪೆಟ್ಟಿಗೆಯ ನೆಪದಲ್ಲಿ ಕಾರನ್ನು ಮೊದಲಿಂದ ಕಟ್ಟಿದ್ದರವು.

ಸೇಂಟ್-ಜೆನಿಯೇ ಸ್ಟೇಜಿನ ಮೊದಲ ಸಲದಲ್ಲಿ ಎಲ್ಫಿನ್ ಇವಾನ್ಸ್‌ನ ಟೊಯೊಟಾ ಯಾರಿಸ್ ರಸ್ತೆಯಂಚಿಗೆ ಜಾರಿ ಸಿಕ್ಕಿಕೊಂಡಿತು, ಇಪ್ಪತ್ತು ನಿಮಿಷದ ಹತ್ತಿರ ಹೋಯಿತು. ಸಂಜೆ ಓಜಿಯೇ ಮುಂದೆ, ಲೋಬ್‌ಗಿಂತ 21.1 ಸೆಕೆಂಡು. ರೊವನ್ಪೆರಾ ಸೆಟಪ್ ತಿದ್ದಿಸಿಕೊಂಡು ಒಂದೊಂದೇ ಸ್ಥಾನ ಏರತೊಡಗಿದ್ದ. ಗುರುವಾರ ಸಿಗದ ಹದ ಶನಿವಾರ ಸಿಕ್ಕಿತ್ತು. ಟೆಸ್ಟಿನ ದಿನ ಮಾಡಬೇಕಾದ ಕೆಲಸವನ್ನು ಸ್ಪರ್ಧೆಯ ದಿನ ಮಾಡಿದರೆ ನಡುವೆ ಕಳೆದ ನಿಮಿಷಗಳು ಮಾತ್ರ ಮರಳಿ ಬರುವುದಿಲ್ಲ.

23 ಜನವರಿ, ಭಾನುವಾರ: ಮತ್ತೆ ಆಂತ್ರವೋ

ಲಾ ಪೆನ್–ಕೊಲೊಂಗ್ 19.37 ಕಿ.ಮೀ., ಬ್ರಿಯಾಂಸೊನೆ–ಆಂತ್ರವೋ 14.26, ಎರಡೆರಡು ಸಲ. ಓಜಿಯೇ ಕೈಯಲ್ಲಿದ್ದ ರ‍್ಯಾಲಿ ಹದಿನಾರನೆಯ ಸ್ಟೇಜಿನಲ್ಲಿ ಎಡ ಮುಂಚಕ್ರದ ಗಾಳಿಯೊಂದಿಗೆ ಹೋಯಿತು. ಪಂಕ್ಚರಾಗಿ ಮೂವತ್ತು ಸೆಕೆಂಡಿಗೂ ಹೆಚ್ಚು ನಷ್ಟ. ಲೋಬ್ 9.5 ಸೆಕೆಂಡು ಮುಂದೆ. ಕೊನೆಯ ಸ್ಟೇಜಿನಲ್ಲಿ ಅದನ್ನು ಅಟ್ಟಿಸಿಕೊಂಡು ಹೋದ ಓಜಿಯೇ ಗಡಿಯಾರಕ್ಕಿಂತ ಮೊದಲೇ ಗೆರೆ ಬಿಟ್ಟು ಹತ್ತು ಸೆಕೆಂಡು ದಂಡ ತೆತ್ತ. ಕೊನೆಯ ಅಂತರ 10.5 ಸೆಕೆಂಡು. ಲೋಬ್‌ಗೆ 47 ವರ್ಷ, ಇದು 80ನೆಯ ಗೆಲುವು. ಪಕ್ಕದಲ್ಲಿ ನೋಟ್ಸ್ ಓದಿದ ಇಸಾಬೆಲ್ ಗಾಲ್ಮಿಷ್ ವೃತ್ತಿಯಿಂದ ಗಣಿತದ ಮೇಡಂ. 1997ರಲ್ಲಿ ಇದೇ ಮಾಂಟೆಯನ್ನು ಪಿಯೆರೊ ಲಿಯಾತಿ ಜೊತೆ ಫಾಬ್ರಿಜಿಯಾ ಪೋನ್ಸ್ ಗೆದ್ದ ಮೇಲೆ ವಿಶ್ವ ರ‍್ಯಾಲಿ ಗೆದ್ದ ಮಹಿಳೆ ಈಕೆಯೇ. ಮೂರನೆಯದೂ ಪೂಮಾ, ಕ್ರೇಗ್ ಬ್ರೀನ್‌ನದು. ನಾಲ್ಕನೆಯ ರೊವನ್ಪೆರಾ ಹೆಚ್ಚುವರಿ ಅಂಕ ಸಿಗುವ ಕೊನೆಯ ಪವರ್ ಸ್ಟೇಜನ್ನು ಗೆದ್ದ.

ಮೊದಲು ಟೆಸ್ಟಿಗಿಳಿದು ಮೊದಲು ಮುಖ ತೋರಿಸಿದ ಪೂಮಾ ಮೊದಲ ರ‍್ಯಾಲಿ ಗೆದ್ದಿತು, ತಡವಾಗಿ ಕಟ್ಟಲು ಹಿಡಿದ ಹ್ಯುಂಡೈ ಸೊರಗಿತು ಎಂಬಲ್ಲಿಗೆ ಲೆಕ್ಕ ಸರಿಹೋದಂತೆ ಕಾಣುತ್ತದೆ. ಅಷ್ಟು ಸಲೀಸಲ್ಲ. ಆ ವರ್ಷದ ಚಾಂಪಿಯನ್‌ಶಿಪ್ ರೊವನ್ಪೆರಾನದೂ ಟೊಯೊಟಾದ್ದೂ ಆಯಿತು.

25 ಫೆಬ್ರವರಿ, ಶುಕ್ರವಾರ: ಸ್ವೀಡನ್ನಿನ ಉಮಿಯೋ

ಪಯಣದ ಕೊನೆಯ ನಿಲುಗಡೆ ತಿಂಗಳ ನಂತರ, ಸಾವಿರಾರು ಕಿ.ಮೀ. ಉತ್ತರಕ್ಕೆ. ಪೂರ್ತಿ ಹಿಮದ ರಸ್ತೆ, ಮೊಳೆ ಟೈರು, ರಸ್ತೆಯ ಎರಡೂ ಬದಿಗೆ ಹಿಮದ ಗೋಡೆ. ಚಾಲಕರು ಬೇಕೆಂದೇ ಹಿಂಭಾಗವನ್ನು ಆ ಗೋಡೆಗೆ ಒರಗಿಸಿ ತಿರುಗುವುದು ಇಲ್ಲಿನ ಪದ್ಧತಿ. ಹಿಂಭಾಗದಲ್ಲೇ ಪೆಟ್ಟಿಗೆ ಕೂತಿದೆ, ಅದಕ್ಕೆ ಗಾಳಿ ಹೋಗುವ ಗೂಡುಗಳಿಗೆ ಹಿಮ ತುಂಬಿಕೊಳ್ಳುತ್ತದೆ.

ಮುಂಚೂಣಿಯಲ್ಲಿದ್ದ ಓಟ್ ಟಾನಾಕ್‌ನ ಹ್ಯುಂಡೈ ಅಂದು ಸ್ಟೇಜುಗಳ ನಡುವೆ ನಿಂತಿತು. ಎಂಜಿನ್ ಸರಿಯಿತ್ತು, ಚಕ್ರ ಸರಿಯಿತ್ತು. ಪಕ್ಕದ ಸಣ್ಣ ದೀಪ ಮಾತ್ರ ಕೆಂಪಾಗಿತ್ತು. ಕೆಂಪಿದ್ದರೆ ಓಡಿಸುವಂತಿಲ್ಲ ಎಂಬುದು ನಿಯಮ. ಎರಡು ದಿನ ಬಿಟ್ಟು ಭಾನುವಾರ ಇವಾನ್ಸ್‌ನ ಟೊಯೊಟಾ ಹಿಮದ ಗೋಡೆಗೆ ನುಗ್ಗಿತು. ಅಲ್ಲೂ ದೀಪ ಕೆಂಪಾಯಿತು, ಅವನ ರ‍್ಯಾಲಿಯೂ ಅಲ್ಲಿಗೇ ಮುಗಿಯಿತು.

ಮೂರು ಋತುಗಳ ನಂತರ, 2024ರ ಕೊನೆಯಲ್ಲಿ, ಎಫ್‌ಐಎ ಪೆಟ್ಟಿಗೆಯನ್ನೇ ತೆಗೆಸಿತು. 2025ರಿಂದ ಕನಿಷ್ಠ ತೂಕ 1,180 ಕಿಲೋ, ಎಂಜಿನ್ನು ಉಸಿರೆಳೆಯುವ ರಂಧ್ರ 36ರಿಂದ 35 ಮಿ.ಮೀ. ಪಂಜರ, ಐದು ಗೇರು, ಲಿವರ್ ಹಾಗೆಯೇ ಉಳಿದವು.